ನಾವೆಸಿಯ ಕಜ್ಜಿ ಬಿಡಿಸಿದ ಅಜ್ಜಿ

ನಮ್ಮ ದ್ವೀಪದ ಊರು ನಾವೆಸಿಯಲ್ಲಿ ಕಜ್ಜಿಯನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಮಕ್ಕಳೆಂದ ಮೇಲೆ ಕೆರೆದುಕೊಳ್ಳುತ್ತವೆ ಎನ್ನುತ್ತಿದ್ದೆವು, ದೊಡ್ಡವರೂ ಕೆರೆದುಕೊಳ್ಳುತ್ತಿದ್ದೆವು. ನನ್ನ ಮಗಳು ಕೆಲೆರಾಗೆ ಆರು ವರ್ಷವಾದಾಗ ಬೆರಳ ಸಂದಿಗಳಲ್ಲಿ ಕೀವು ತುಂಬಿ, ಅವಳು ಶಾಲೆ ಬಿಟ್ಟು ಕೂತಳು. ಮೂರು ಸಲ ಮುಲಾಮು ತಂದು ಹಚ್ಚಿದೆ. ವಾಸಿಯಾಗುತ್ತಿತ್ತು, ತಿಂಗಳೊಳಗೆ ಮತ್ತೆ ಶುರು.

ಊರಿಗೆ ಹೊಸದಾಗಿ ಬಂದ ನರ್ಸ್ ಲೈಸಾನಿ ನಮ್ಮ ಮನೆಗೆ ಬಂದು ಕೀವಿಗೆ ಮಾತ್ರೆ ಕೊಟ್ಟು, "ಇವಳು ಯಾರ ಜೊತೆ ಮಲಗ್ತಾಳೆ?" ಎಂದಳು.

"ಬುಬು ಜೊತೆ. ಒಂದೇ ಚಾಪೇಲಿ ಐದು ಮೊಮ್ಮಕ್ಕಳು."

"ಬುಬುಗೂ ಹಚ್ಚಿದ್ರಾ?"

ನಮ್ಮತ್ತೆ ಅಸೆನಥಾ ಇಡೀ ಊರಿಗೇ ಬುಬು, ಅಂದರೆ ಅಜ್ಜಿ. ಒಳಗಿಂದಲೇ ಕೂಗಿದಳು: "ನಂಗ್ಯಾಕೆ? ಕಜ್ಜಿ ಬರೋದು ಕೊಳಕರಿಗೆ. ನಾನು ದಿನಕ್ಕೆರಡು ಸಲ ಸ್ನಾನ ಮಾಡೋಳು!"

ಹಾಗೆನ್ನುವಾಗಲೂ ಅವಳ ಉಗುರು ಮಣಿಕಟ್ಟಿನ ಮೇಲಿತ್ತು.

ಲೈಸಾನಿ ನಗಲಿಲ್ಲ. ಒಳಹೋಗಿ ಪಕ್ಕ ಕೂತು ಆ ಮಣಿಕಟ್ಟು ತಿರುಗಿಸಿದಳು. "ಈ ಸಣ್ಣ ಗೀರು ನೋಡಿ ಬುಬು. ಒಂದು ಹುಳ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡತ್ತೆ. ಸ್ನಾನಕ್ಕೆಲ್ಲ ಬಗ್ಗಲ್ಲ ಅದು. ಮೈಗೆ ಮೈ ತಾಗಿಸಿ ಮಲಗಿದ್ರೆ ಸಾಕು, ದಾಟ್ಕೊಳತ್ತೆ."

ಬುಬುವಿನ ಮುಖ ಸಣ್ಣಗಾಯಿತು. "ಹಂಗಾದ್ರೆ ಮಗೂಗೆ ಕೊಟ್ಟೋಳು ನಾನೇನಾ?"

"ಊರೆಲ್ಲ ಒಬ್ಬರಿಗೊಬ್ಬರು ಕೊಟ್ಕೊಂಡಿದೀರಿ. ಬಿಡಿಸ್ಬೇಕಂದ್ರೆ ಊರೆಲ್ಲ ಒಂದೇ ದಿನ ಹಚ್ಕೋಬೇಕು. ವಾರ ಬಿಟ್ಟು ಇನ್ನೊಂದ್ಸಲ."

ಮಾರನೆಯ ದಿನ ಬುಬು ಕೋಲೂರಿಕೊಂಡು ಮನೆಮನೆಗೆ ಹೋದಳು. ನಾಚಿಕೆಯಿಂದ ಬಾಗಿಲು ಹಾಕಿಕೊಂಡವರಿಗೆ ತನ್ನ ಮಣಿಕಟ್ಟನ್ನೇ ತೋರಿಸಿದಳು. ಶನಿವಾರ ಸಂಜೆ ನಾವು ನೂರನಲವತ್ತು ಮಂದಿಯೂ ಕತ್ತಿನಿಂದ ಕಾಲ್ಬೆರಳಿನವರೆಗೆ ಲೈಸಾನಿ ತರಿಸಿದ ಮುಲಾಮು ಬಳಿದುಕೊಂಡೆವು. ಬೆಳಿಗ್ಗೆ ಮೈ ತೊಳೆದು, ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಚಾಪೆಗಳನ್ನು ಸುಡುಬಿಸಿಲಿಗೆ ಹರವಿದೆವು.

ನಾಲ್ಕು ದಿನವಾದರೂ ತುರಿಕೆ ಹೋಗಲಿಲ್ಲ. ಮೀನು ಹಿಡಿಯುವ ಎರೋನಿ ಎಲ್ಲರೆದುರೇ ರೇಗಿದ: "ಬರೀ ಬೆಣ್ಣೆ ಕೊಟ್ಟವ್ಳೆ ಈ ನರ್ಸು! ನಾನಂತೂ ಇನ್ನೊಂದ್ಸಲ ಹಚ್ಕೊಳಲ್ಲ."

"ಹುಳ ಸತ್ರೂ ಅದರ ಹೊಲಸು ಚರ್ಮದಲ್ಲಿ ಉಳಿದಿರತ್ತೆ," ಎಂದಳು ಲೈಸಾನಿ. "ಮೈ ಅದನ್ನ ಕಳ್ಕೊಳೋಕೆ ಎರಡ್ಮೂರು ವಾರ ಬೇಕು. ಉಗುರು ಕತ್ತರಿಸ್ಕೊಳಿ. ತಡೆಯೋಕಾಗ್ದಿದ್ರೆ ತಣ್ಣೀರು ಬಟ್ಟೆ ಇಟ್ಕೊಳಿ."

ಎರೋನಿ ಗೊಣಗುತ್ತ ಹೊರಟ. ಬುಬು ಕೋಲು ಅಡ್ಡ ಹಿಡಿದಳು. "ಹುಟ್ಟಿದಾಗ ನಿಂಗೆ ಎಣ್ಣೆ ತಿಕ್ಕಿದೋಳು ನಾನು ಕಣೋ. ಶನಿವಾರ ನೀನಾಗೇ ಹಚ್ಕೋತೀಯೋ, ಇಲ್ಲ ಹೆಂಡ್ತಿ ಮುಂದೆ ಬಟ್ಟೆ ಬಿಚ್ಚಿಸಿ ನಾನೇ ಹಚ್ಚಲೋ?"

ಊರು ಬಿದ್ದು ಬಿದ್ದು ನಕ್ಕಿತು. ಎರಡನೇ ಶನಿವಾರ ಎರೋನಿಯೇ ಮೊದಲು ಬಂದ.

ಆರನೆಯ ವಾರ ಲೈಸಾನಿ ಒಬ್ಬೊಬ್ಬರ ಕೈಯನ್ನೂ ತಿರುವಿ ನೋಡಿದಳು. ಒಂದು ಹೊಸ ಗೀರೂ ಇರಲಿಲ್ಲ. "ಒಂದೂ ಇಲ್ಲ!" ಎಂದು ಕೂಗಿದಾಗ ಹೆಂಗಸರು ಕುಣಿದರು. ನಾನು ಕೆಲೆರಾಳ ನುಣುಪು ಬೆರಳುಗಳನ್ನು ಮುಖಕ್ಕೊತ್ತಿಕೊಂಡು ಅತ್ತುಬಿಟ್ಟೆ.

ಬುಬು ಮಾತ್ರ ಆಗಲೇ ದೋಣಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಮುಲಾಮಿನ ಪೆಟ್ಟಿಗೆ. ಆಚೆ ದ್ವೀಪದಲ್ಲಿ ಅವಳ ತಂಗಿಯ ಮನೆ. "ಬೇಗ ನಡ್ಸೋ ಎರೋನಿ," ಎಂದಳು. "ಆ ಊರಿನೋರು ನಮಗಿಂತ ಮೊಂಡರು."