ಒಣ ಬೇರಿಂಗಿನ ಲೆಕ್ಕ

ವರದಾಳ ಮೂರು ವರ್ಷದ ಲೆಕ್ಕ ಬೈಲಹೊಂಗಲದ ಶಂಕರೆಪ್ಪನ ವರ್ಕ್‌ಶಾಪಿನಲ್ಲಿ ಎರಡೇ ನಿಮಿಷಕ್ಕೆ ನೆಲಕಚ್ಚಿತು. ಎಣ್ಣೆಯ ಹಂಗಿಲ್ಲದೆ ಗಾಳಿಯ ಮೇಲೇ ತಿರುಗುವ ಶಾಫ್ಟನ್ನು ತೇಲಿಸುವ ಬೇರಿಂಗ್ ಅದು, ಅವಳ ಅಳತೆಯಂತೆ ಶಂಕರೆಪ್ಪ ಕಟ್ಟಿದ್ದು. ಒಳಗೆ ಅಲೆಯಲೆಯಾಗಿ ಮಡಿಸಿದ ತೆಳು ಉಕ್ಕಿನ ಹಾಳೆ, ನಡುವೆ ಶಾಫ್ಟು. ನಿಮಿಷಕ್ಕೆ ನಲವತ್ತು ಸಾವಿರ ಸುತ್ತಿನವರೆಗೂ ಅಲುಗದೆ ನಿಲ್ಲುತ್ತದೆ ಎಂದು ಅವಳ ಕಂಪ್ಯೂಟರ್ ಹೇಳಿತ್ತು. ಹದಿನೆಂಟು ಸಾವಿರಕ್ಕೇ ಹುಚ್ಚು ಹಿಡಿದಂತೆ ನಡುಗಿತು. ಶಾಫ್ಟನ್ನು ತಿರುಗಿಸುವ ಪೈಪಿನ ಗಾಳಿ ಬಂದ್ ಮಾಡುವುದು ತುಸು ತಡವಾಗಿದ್ದರೆ ಇದ್ದೊಂದು ಶಾಫ್ಟೂ ಮುರಿದು ಬೀಳುತ್ತಿತ್ತು.

ಸೋಮವಾರ ಅವಳು ಕಾಲೇಜಿನ ಸಮಿತಿಯ ಮುಂದೆ ನಿಲ್ಲಬೇಕು. ಲೆಕ್ಕಕ್ಕೂ ಯಂತ್ರಕ್ಕೂ ತಾಳ ಕೂಡದಿದ್ದರೆ ಪಿಎಚ್.ಡಿ. ಮತ್ತೆ ಮೊದಲಿನಿಂದ. "ಘರ್ಷಣೆ ಅಂಕಿ ಸ್ವಲ್ಪ ಇಳಿಸಿ ನೋಡು, ತಾನ ಹೊಂದತದ" ಎಂದು ಗೈಡು ಫೋನಿನಲ್ಲಿ ಸಲೀಸಾಗಿ ಹೇಳಿದರು. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ.

ಸವದತ್ತಿಯ ಮನೆಯಲ್ಲಿ ಕೂತು ಇಳಿಸಿದಳು. ಹಾಳೆಗಳು ಒಂದಕ್ಕೊಂದು ಉಜ್ಜುವ ಆ ಘರ್ಷಣೆಯೇ ಶಾಫ್ಟಿನ ನಡುಕವನ್ನು ನುಂಗುವುದು. ಅದನ್ನು ಆರರಲ್ಲಿ ಒಂದು ಪಾಲಿಗೆ ಇಳಿಸಿದಾಗ ಲೆಕ್ಕವೂ ಸರಿಯಾಗಿ ಹದಿನೆಂಟು ಸಾವಿರಕ್ಕೇ ನಡುಗಿತು. ವರದಾಗೆ ಖುಷಿಯಾಗಲಿಲ್ಲ, ಸಂಶಯ ಬಂತು. ಒಣ ಉಕ್ಕು ಅಷ್ಟು ನುಣುಪಾಗಿ ಜಾರುವುದಿಲ್ಲ.

ಶನಿವಾರ ಮುರಗೋಡದ ಮೇಲೆ ಹೋಗುವ ಮೊದಲ ಬಸ್ಸು ಹಿಡಿದು ವರ್ಕ್‌ಶಾಪಿಗೆ ಬಂದಳು.

"ಕಾಕಾ, ಹಾಳಿ ಕೂಡಿಸುವಾಗ ಏನರೆ ಹಚ್ಚೀರೇನು?"

ಶಂಕರೆಪ್ಪ ಲೇಥು ನಿಲ್ಲಿಸಿದ. "ಏನ್ ಹಚ್ಚಲಿ ತಂಗಿ, ಎರಡ ಹನಿ ಎಣ್ಣಿ, ಅಷ್ಟ. ನಲವತ್ತ ವರ್ಷ ಆತು, ನನ್ನ ಕೈಯಿಂದ ಒಣಾ ಬೇರಿಂಗ್ ಹೊರಗ ಹೋಗಿಲ್ಲ. ನಮ್ಮಪ್ಪನೂ ಹಂಗ ಮಾಡತಿದ್ದ."

ವರದಾಗೆ ಸಿಟ್ಟು ನೆತ್ತಿಗೇರಿತು, ಹಾಗೇ ಇಳಿಯಿತು. ಮಿಲಿಮೀಟರಿನ ಸಾವಿರದ ಭಾಗದವರೆಗೂ ಅಳತೆ ಬರೆದುಕೊಟ್ಟವಳು, ಎಣ್ಣೆ ಮುಟ್ಟಿಸಬೇಡಿ ಎಂದು ಎಲ್ಲೂ ಬರೆದಿರಲಿಲ್ಲ. ಬೇರಿಂಗ್ ಕಟ್ಟುವವನಿಗೇ ಅದು ಯಾವುದರ ಬಲದಿಂದ ನಿಲ್ಲುತ್ತದೆಂದು ಒಮ್ಮೆಯೂ ಹೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ತಪ್ಪು ನಂದ ಅದ ಕಾಕಾ. ಆ ಎಣ್ಣಿಯಿಂದನ ಅದು ನಡುಗೇದ. ಮೊದಲ ಹೇಳಬೇಕಾಗಿತ್ತು."

"ಹೇಳಿದ್ರೂ ಹಾಕತಿದ್ದೆ," ಎಂದ ಶಂಕರೆಪ್ಪ. "ಕಲತವರಿಗೆ ಇದೊಂದು ಗೊತ್ತಿರೂದಿಲ್ಲ ಅಂತ ತಿಳಕೊಂಡು."

ಹಾಳೆಗಳನ್ನು ಅವನೇ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಕೂಡಿಸಿಕೊಟ್ಟ. ಒಣಾ ಬೇರಿಂಗ್ ತಿರುಗುವುದನ್ನು ನೋಡುವ ಧೈರ್ಯ ಸಾಲದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ವರದಾ ಗಾಳಿ ಬಿಟ್ಟಳು. ಹದಿನೆಂಟು ದಾಟಿತು, ಮೂವತ್ತು ದಾಟಿತು. ನಲವತ್ತು ಸಾವಿರಕ್ಕೆ ಬಂದರೂ ಶಾಫ್ಟು ಅಲುಗಲಿಲ್ಲ. ಅವಳ ಕಣ್ಣು ತುಂಬಿ ಬಂತು.

ಹೊರಗೆ ಬಂದಾಗ ಶಂಕರೆಪ್ಪ ತಿರುಗಿ ನೋಡದೆ ಕೇಳಿದ, "ಮುರೀತೇನು?"

"ಇಲ್ಲ ಕಾಕಾ, ಅಲುಗದ ನಿಂತದ."

ಅವನು ಕಟ್ಟೆಯಿಂದ ಎದ್ದು ಒಳಗೆ ಇಣುಕಿದ. "ಹಂಗಾರ ಇಷ್ಟ ವರ್ಷ ಬೇರಿಂಗಿಗೆ ನಾ ಎಣ್ಣಿ ಹಾಕಿದ್ದು ತಪ್ಪೇನು?"

"ಅವಕ್ಕೆಲ್ಲಾ ಬೇಕ ಬೇಕು. ಇದೊಂದಕ್ಕ ಬ್ಯಾಡ."

ಶಂಕರೆಪ್ಪ ತನ್ನ ಎರಡೂ ಅಂಗೈ ನೋಡಿಕೊಂಡ. "ಮುಂದಿಂದು ನೀವ ಕೂಡಿಸ್ರಿ ತಂಗಿ," ಎಂದ. "ಎಣ್ಣಿ ಬ್ಯಾಡ ಅಂದ್ರ ಈ ಕೈ ನನ್ನ ಮಾತು ಕೇಳೂದಿಲ್ಲ."