ಅಪ್ಪಟ ಉಗಿಬಂಡಿ

ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿ ನಿವೃತ್ತರಾದ ಮೇಲೆ ಮೊದಲು ಮನೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ನೋಡಿದರು. ಆಮೇಲೆ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಅವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಊರಿಗೆಲ್ಲ ‘ಟೀಚರ್’. ಬೆಳಗೆದ್ದರೆ ಸಕ್ಕರೆ ಹುಡುಕುವುದೇ ಕೆಲಸವಾಗಿ, ಈ ಮನುಷ್ಯನಿಗೆ ಒಂದು ಹವ್ಯಾಸ ಗಂಟುಹಾಕದಿದ್ದರೆ ತಮಗೆ ಉಳಿಗಾಲವಿಲ್ಲ ಎಂದು ಅವರು ತೀರ್ಮಾನಿಸಿದರು.

ಅದೇ ಹೊತ್ತಿಗೆ ಟೀಚರ ತಮ್ಮ ಒಂದು ಸುದ್ದಿ ತಂದ. ವೃತ್ತಿಯಲ್ಲಿ ಅವನು ವಕೀಲ. ಮುಚ್ಚಿಹೋದ ಸಿಮೆಂಟ್ ಕಾರ್ಖಾನೆಯ ಹಿಂಭಾಗದಲ್ಲಿ, ಮುಳ್ಳುಗಿಡಗಳ ನಡುವೆ, ಹಳೆಯ ಉಗಿ ಎಂಜಿನ್ನೊಂದು ತುಕ್ಕು ಹಿಡಿದು ನಿಂತಿದೆ. ಗುಜರಿಯವರು ಆಗಲೇ ಅದರ ಮೇಲೆ ಕಣ್ಣು ಹಾಕಿದ್ದಾರೆ. ಆಸಕ್ತರು ಸೇರಿ ಸಂಘ ಕಟ್ಟಿದರೆ ಕಾರ್ಖಾನೆಯವರು ಎಂಜಿನ್ನನ್ನೂ ಒಂದು ಹಳೆಯ ಬೋಗಿಯನ್ನೂ ಶೆಡ್ಡನ್ನೂ ಸುಮಾರು ಒಂದು ಮೈಲಿ ಹಳಿಯನ್ನೂ ಬಿಟ್ಟುಕೊಡುತ್ತಾರಂತೆ. ಡಾಕ್ಟರ ಮುಖ ಊರಗಲವಾಯಿತು. ಭಾವ ಅಧ್ಯಕ್ಷ, ಭಾವಮೈದುನ ಕಾರ್ಯದರ್ಶಿ. ಖಜಾಂಚಿ ಪದವಿ ಯಾರಿಗೂ ಬೇಡವಾದ್ದರಿಂದ, ಕೂಡಿ ಕಳೆಯಲು ಬರುತ್ತದೆ ಎಂಬ ಒಂದೇ ತಪ್ಪಿಗೆ ಅದು ಟೀಚರ ಕೊರಳಿಗೆ ಬಿತ್ತು.

ಮೊದಮೊದಲು ಎಲ್ಲ ಸುಗಮವಾಗಿತ್ತು. ಮುಳ್ಳು ಕಡಿಯುವುದರಲ್ಲಿ ಭಿನ್ನಾಭಿಪ್ರಾಯಕ್ಕೆ ಜಾಗವಿಲ್ಲವಲ್ಲ. ಸದಸ್ಯರೆಲ್ಲ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಒಬ್ಬರಿಗೊಬ್ಬರು ತೋರಿಸಿ ಹೆಮ್ಮೆಪಟ್ಟರು. ಜಗಳ ಹುಟ್ಟಿದ್ದು ಎಂಜಿನ್ನಿನ ಮೈ ಕೆರೆಯಲು ಹೊರಟಾಗ. ಮೇಲಿನ ಕಪ್ಪು ಬಣ್ಣದ ಕೆಳಗೆ ಹಸಿರು ಸಿಕ್ಕಿತು, ಹಸಿರಿನ ಕೆಳಗೆ ಕಾವಿಗೆಂಪು, ಅದರ ಕೆಳಗೆ ಬೂದು. ಪ್ರತಿಯೊಬ್ಬರೂ ತಮಗೆ ಬೇಕಾದ ಬಣ್ಣ ಸಿಕ್ಕ ಕೂಡಲೇ ಕೆರೆಯುವುದನ್ನು ನಿಲ್ಲಿಸಿ, ಇದೇ ಮೂಲಬಣ್ಣ ಎಂದು ಸಾರಿದರು. ಸದಸ್ಯರಲ್ಲೊಬ್ಬರಾದ ಔಷಧಿ ಅಂಗಡಿಯವರು ಮಾತ್ರ ಕೆರೆಯುತ್ತಲೇ ಹೋಗಿ ಬರಿಯ ಕಬ್ಬಿಣ ಮುಟ್ಟಿದರು. ಅಪ್ಪಟ ಅಂದರೆ ಇದೇ ತಾನೇ ಎಂದು ಅವರು ಕೇಳಿದರು.

ಕೊನೆಗೆ ಎರಡು ಪಂಗಡಗಳಾದವು. ಎಂಜಿನ್ನು ಹೊಸದಾಗಿ ತಯಾರಾಗಿ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರಬೇಕು, ಒಂದು ಮೊಳೆಯೂ ಹೊಸದಿರಬಾರದು ಎಂದದ್ದು ಡಾಕ್ಟರ ಪಂಗಡ. ದುಡಿದು ದುಡಿದು ಅದು ಹೇಗಾಯಿತೋ ಹಾಗೆಯೇ ಇರಬೇಕು, ಒಂದು ತೇಪೆಯನ್ನೂ ತೆಗೆಯಬಾರದು ಎಂದದ್ದು ವಕೀಲನ ಪಂಗಡ. ಎಂಜಿನ್ನಿನ ಚಕ್ರಗಳು ಇನ್ಯಾವುದೋ ಎಂಜಿನ್ನಿನವು, ಚಿಮಣಿ ಮತ್ಯಾವುದರದೋ ಎಂಬುದು ಆ ಹೊತ್ತಿಗೆ ಪತ್ತೆಯಾಗಿತ್ತು. ಅದರಿಂದ ವಾದದ ಬಿಸಿ ಕಡಿಮೆಯಾಗುವ ಬದಲು ಹೆಚ್ಚಾಯಿತು. ಎಂಜಿನ್ನಿನಲ್ಲಿ ಉಗಿ ಇಲ್ಲದಿದ್ದರೂ ಸಂಘದಲ್ಲಿ ಒಬ್ಬರನ್ನೊಬ್ಬರು ಉಗಿಯುವುದಕ್ಕೆ ಕೊರತೆಯಿರಲಿಲ್ಲ.

ಭಾವನೂ ಭಾವಮೈದುನನೂ ಮಾತು ಬಿಟ್ಟರು. ಆದರೆ ವಕೀಲ ಒಂಟಿ ಮನುಷ್ಯ, ಭಾನುವಾರದ ಊಟ ಅಕ್ಕನ ಮನೆಯಲ್ಲೇ. ಸಿದ್ಧಾಂತಕ್ಕೂ ಊಟಕ್ಕೂ ಸಂಬಂಧ ಕಲ್ಪಿಸುವಷ್ಟು ದಡ್ಡ ಅವನಲ್ಲ. ಹಾಗಾಗಿ ಇಬ್ಬರೂ ಒಂದೇ ಮೇಜಿನ ಎರಡು ಕೊನೆಗಳಲ್ಲಿ ಕೂತು ಟೀಚರ ಮೂಲಕ ಮಾತಾಡತೊಡಗಿದರು.

“ನಿನ್ನ ತಮ್ಮನಿಗೆ ಹೇಳು, ತೇಪೆಗೆ ಚರಿತ್ರೆ ಅನ್ನಲ್ಲ, ತೇಪೆ ಅಂತಾರೆ” ಎಂದರು ಡಾಕ್ಟರು ಒಂದು ದಿನ.

“ಅಕ್ಕ, ಭಾವನಿಗೆ ಹೇಳು. ಊರಿನವರ ಬಾಯಿಗೆಲ್ಲ ಹಲ್ಲಿನ ಸೆಟ್ಟು ಕೂರಿಸಿ ಬದುಕಿದವರು ಅಸಲಿ ನಕಲಿ ಮಾತಾಡಿದ್ರೆ ಕೇಳೋರು ನಗ್ತಾರೆ.”

“ನಾನು ಕೂರಿಸಿದ ಹಲ್ಲಲ್ಲಿ ಜನ ಅಗೀತಾರೆ ಅಂತ ಹೇಳು.”

“ಇಬ್ಬರಿಗೂ ಹೇಳ್ತೀನಿ, ಊಟ ಆರ್ತಾ ಇದೆ” ಎಂದರು ಟೀಚರ್. ಗಂಡನನ್ನು ಮನೆಯಿಂದಾಚೆ ಕಳಿಸಲು ಹೋಗಿ ಒಂದು ಇಡೀ ಎಂಜಿನ್ನನ್ನು ಊಟದ ಮೇಜಿನ ಮೇಲೆ ತಂದು ನಿಲ್ಲಿಸಿಕೊಂಡಿದ್ದರು ಅವರು.

ಅಷ್ಟರಲ್ಲಿ ಬಾಯ್ಲರ್ ಇನ್‌ಸ್ಪೆಕ್ಟರು ಬಂದರು. ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ಬೆಂಕಿ ಉರಿಯುವ ಒಲೆಯ ಒಂದು ಗೋಡೆಯ ತಗಡು ಹಪ್ಪಳದಂತಾಗಿದೆ, ಅದನ್ನು ಬದಲಿಸದೆ ಕಡ್ಡಿ ಗೀರಿದರೆ ಶೆಡ್ಡಿನ ಸೂರು ಪಕ್ಕದೂರಿಗೆ ಹೋಗುತ್ತದೆ ಎಂದು ಹೇಳಿ ಹೋದರು. ಬಾಯ್ಲರಿನ ಕೆಲಸಕ್ಕೆ ಸಂಘ ಆಗಲೇ ಒಬ್ಬ ಮೇಸ್ತ್ರಿಯನ್ನು ಹಿಡಿದಿತ್ತು. ಆಯುಷ್ಯವೆಲ್ಲ ಬಾಯ್ಲರುಗಳೊಳಗೆ ಕೂತು ಬಡಿದು ಅವನ ಕಿವಿ ಮಂದವಾಗಿ, ದನಿ ಜೋರಾಗಿ, ‘ಗುಡುಗು’ ಎಂದೇ ಹೆಸರಾಗಿತ್ತು. ಸಂಘದ ಸಭೆಗಳಿಂದ ನೆಮ್ಮದಿಯಾಗಿ ಎದ್ದು ಹೋಗುತ್ತಿದ್ದವನು ಅವನೊಬ್ಬನೇ. ಹೊಸ ತಗಡನ್ನು ಬೆಸುಗೆ ಹಾಕಿ ಕೂರಿಸಬಹುದು ಎಂದು ಅವನು ಗುಡುಗಿದ.

ಡಾಕ್ಟರು ಆಗುವುದಿಲ್ಲ ಎಂದರು. ಹುಟ್ಟುವಾಗ ಎಂಜಿನ್ನಿಗೆ ಇದ್ದದ್ದು ಕಾಯಿಸಿ ಬಡಿದ ಗುಂಡುಮೊಳೆ, ಬೆಸುಗೆಯಲ್ಲ. ವಕೀಲನೂ ಆಗುವುದಿಲ್ಲ ಎಂದ. ಹಳೆಯ ತಗಡಿನ ಒಂದೊಂದು ತೇಪೆಯೂ ಒಂದೊಂದು ಕೈಯ ಗುರುತು, ತೆಗೆಯಕೂಡದು. ಇಬ್ಬರೂ ಒಂದೇ ಮಾತು ಹೇಳಿದ್ದು ಇಬ್ಬರಿಗೂ ಅವಮಾನವೆನಿಸಿ, ಆ ವಾರ ಇಬ್ಬರೂ ತಮ್ಮ ‘ಆಗುವುದಿಲ್ಲ’ ಇನ್ನೊಬ್ಬರ ‘ಆಗುವುದಿಲ್ಲ’ಕ್ಕಿಂತ ಹೇಗೆ ಬೇರೆ ಎಂದು ವಿವರಿಸುತ್ತ ಓಡಾಡಿದರು. ಎಂಜಿನ್ನು ತಣ್ಣಗೆ ನಿಂತಿತು.

ಮೇಸ್ತ್ರಿಗೆ ಸದ್ಯಕ್ಕೆ ಕೆಲಸವಿಲ್ಲ ಎಂದು ತಿಳಿಸುವುದು ಖಜಾಂಚಿಯ ಪಾಲಿಗೆ ಬಂತು. ಟೀಚರ್ ಶೆಡ್ಡಿಗೆ ಹೋದರು. ಸಂಘದ ಉದ್ಘಾಟನೆಯ ದಿನ ಮುಳ್ಳಿನಾಚೆಯಿಂದ ಇಣುಕಿದ್ದು ಬಿಟ್ಟರೆ ಅವರು ಅಲ್ಲಿ ಕಾಲಿಟ್ಟಿರಲಿಲ್ಲ. ಮೇಸ್ತ್ರಿ ಊಟಕ್ಕೆ ಹೋಗಿದ್ದ. ಸೂರಿನ ತೂತುಗಳಿಂದ ಬಿಸಿಲು ಬಿದ್ದು, ನಾಲ್ಕು ಬಣ್ಣದ ಕಲೆಗಳಲ್ಲಿ ಎಂಜಿನ್ನು ರೋಗ ಬಂದ ಆನೆಯಂತೆ ಕಾಣುತ್ತಿತ್ತು. ಅವರು ಚಕ್ರದ ಮೇಲೆ ಕೈಯಿಟ್ಟರು. ಚಕ್ರ ಅವರ ಭುಜದೆತ್ತರವಿತ್ತು. ಎರಡು ವರ್ಷದಿಂದ ದಿನಾ ಇದರ ಸುದ್ದಿ ಕೇಳಿದ್ದರೂ ಇದು ಇಷ್ಟು ದೊಡ್ಡದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಇದು ಓಡುವುದನ್ನು ನೋಡಬೇಕೆಂಬ ಆಸೆ ಅವರಿಗೆ ಥಟ್ಟನೆ ಹುಟ್ಟಿತು. ಈ ಆಸೆ ಸಂಘದಲ್ಲಿ ಯಾರ ಬಾಯಲ್ಲೂ ಬಂದದ್ದು ಅವರಿಗೆ ನೆನಪಿರಲಿಲ್ಲ. ಮೇಸ್ತ್ರಿ ಬರುವ ಮುಂಚೆಯೇ, ಹೇಳಬೇಕಾದ್ದನ್ನು ಹೇಳದೆ, ಅವರು ಮನೆಗೆ ಮರಳಿದರು.

ಮುಂದಿನ ತಿಂಗಳು ದೂರದ ನಗರದಲ್ಲಿ ಹಳೆಯ ಯಂತ್ರಗಳ ಅಭಿಮಾನಿಗಳ ಸಮ್ಮೇಳನ, ಅದರ ಬೆನ್ನಿಗೇ ವಾರಗಟ್ಟಲೆ ವಸ್ತುಸಂಗ್ರಹಾಲಯಗಳ ಪ್ರವಾಸ. ಡಾಕ್ಟರು ‘ಮೂಲಕ್ಕೆ ನಿಷ್ಠೆ’ ಎಂಬ ಭಾಷಣ ಸಿದ್ಧಪಡಿಸಿದರು. ವಕೀಲ ‘ಮೂಲವೆಂಬ ಭ್ರಮೆ’ ಎಂಬುದನ್ನು ಸಿದ್ಧಪಡಿಸಿದ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಬ್ಬರು ಮುಂದಿನ ಸೀಟಿನಲ್ಲಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಹೊರಟರು. ಟೀಚರ್ ಇಬ್ಬರಿಗೂ ಬುತ್ತಿ ಕಟ್ಟಿ ಕೈಬೀಸಿ ಕಳಿಸಿದರು.

ಅಧ್ಯಕ್ಷರೂ ಕಾರ್ಯದರ್ಶಿಯೂ ಊರಲ್ಲಿಲ್ಲದಾಗ ಸಂಘದ ಅಧಿಕಾರವೆಲ್ಲ ಖಜಾಂಚಿಯದು ಎಂದು ನಿಯಮ ಬರೆದವನು ವಕೀಲನೇ. ಬಸ್ಸು ತಿರುವು ದಾಟುತ್ತಲೇ ಟೀಚರ್ ನೇರವಾಗಿ ಶೆಡ್ಡಿಗೆ ಹೋಗಿ ಬೆಸುಗೆ ಶುರುಮಾಡಲು ಹೇಳಿದರು. ಮೇಸ್ತ್ರಿಗೆ ಎರಡು ಸಲ ಹೇಳಬೇಕಾಯಿತು, ಕಿವಿ ಮಂದವಾದ್ದರಿಂದ ಒಮ್ಮೆ, ನಂಬಿಕೆಯಾಗದ್ದರಿಂದ ಇನ್ನೊಮ್ಮೆ. ಬಣ್ಣ ಯಾವುದು ಎಂದು ಔಷಧಿ ಅಂಗಡಿಯವರು ನಡುಗುವ ದನಿಯಲ್ಲಿ ಕೇಳಿದಾಗ, ಮಸಿ ಕಾಣದ ಬಣ್ಣ ಯಾವುದೋ ಅದು ಎಂದರು. ಎರಡು ವರ್ಷದ ಬಣ್ಣದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಎಂಜಿನ್ನು ಕಪ್ಪಾಯಿತು.

ಇನ್‌ಸ್ಪೆಕ್ಟರು ಮತ್ತೆ ಬಂದು, ತಟ್ಟಿ, ಬಾಯ್ಲರಿನಲ್ಲಿ ನೀರಿನ ಒತ್ತಡ ಹಾಕಿ ನೋಡಿ, ಒಪ್ಪಿದರು. ಬೆಂಕಿ ಹಾಕಿದ ದಿನ ಟೀಚರ್ ಮೇಸ್ತ್ರಿಯ ಪಕ್ಕದಲ್ಲೇ ನಿಂತಿದ್ದರು. ಗಂಟೆಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಏನೋ ಗೊಣಗಿತು. ಕಬ್ಬಿಣ ಬಿಸಿಯಾಗಿ, ಸಂದುಗಳಿಂದ ಬಿಳಿಯ ಉಸಿರು ಹೊರಟು, ಇಡೀ ಶೆಡ್ಡು ಎಣ್ಣೆ ಮತ್ತು ಹೊಗೆಯ ವಾಸನೆಯಿಂದ ತುಂಬಿತು. ಮೇಸ್ತ್ರಿ ತೋರಿಸಿದ ಹಿಡಿಯನ್ನು ಅವರು ಎರಡೂ ಕೈಯಿಂದ ಎಳೆದರು. ಕಾಲಕೆಳಗೆ ನೆಲವೇ ಸರಿದಂತಾಗಿ ಎಂಜಿನ್ನು ಬಿಸಿಲಿಗೆ ಬಂತು. ಟೀಚರ್ ಸೀಟಿಯ ಹಗ್ಗ ಜಗ್ಗಿದರು. ಮೇಸ್ತ್ರಿ ಏನೋ ಗುಡುಗಿದ, ಆದರೆ ಆ ಸದ್ದಿನಲ್ಲಿ ಅವನ ಗುಡುಗೂ ಕೇಳಿಸಲಿಲ್ಲ.

ಪ್ರವಾಸ ಮುಗಿಸಿ ಬಂದವರಿಗೆ ಬಸ್ ನಿಲ್ದಾಣದಲ್ಲೇ ಸೀಟಿಯ ಸದ್ದು ಕೇಳಿತು. ಇಬ್ಬರೂ ಪೆಟ್ಟಿಗೆ ಸಮೇತ ಶೆಡ್ಡಿಗೆ ಓಡಿದರು. ಡಾಕ್ಟರು ಒಲೆಯ ಬಾಗಿಲು ತೆರೆದು, ಒಳಗಿನ ಬೆಂಕಿಯ ಬೆಳಕಿನಲ್ಲಿ, ಅಭ್ಯಾಸಬಲದಿಂದ ಬಾಯಿ ತೆರೆಸಿ ನೋಡುವವರಂತೆ ಕತ್ತು ಓರೆಮಾಡಿ ನೋಡಿದರು. “ಬೆಸುಗೆ” ಎಂದರು, ಸಾವಿನ ಸುದ್ದಿ ಹೇಳುವ ದನಿಯಲ್ಲಿ. ವಕೀಲ ಹಳೆಯ ತಗಡೆಲ್ಲಿ ಎಂದು ಕೇಳಿದ. ಹೊರಗಿನ ಚರಂಡಿಯ ಮೇಲೆ ಅದನ್ನು ದಾಟುಹಲಗೆಯಾಗಿ ಹಾಕಿದ್ದ ಮೇಸ್ತ್ರಿ ಖುಷಿಯಿಂದ ಕೈತೋರಿಸಿದ. ಶೆಡ್ಡಿಗೆ ಓಡಿಬರುವಾಗ ಇಬ್ಬರೂ ಅದನ್ನು ತುಳಿದೇ ಬಂದಿದ್ದರು.

“ನೋಡಿದ್ರಾ ಭಾವ?” ಎಂದ ವಕೀಲ.

“ನೋಡ್ದೆ ಕಣಯ್ಯ” ಎಂದರು ಡಾಕ್ಟರು, ಅವನ ಹೆಗಲ ಮೇಲೆ ಕೈಯಿಟ್ಟು.

ಎಷ್ಟೋ ಕಾಲದ ಮೇಲೆ ಇಬ್ಬರೂ ನೇರವಾಗಿ ಮಾತಾಡಿದ್ದರು. ಟೀಚರ್ ನಡುವೆ ಇಲ್ಲದೆಯೇ ಮಾತು ಸಾಗಿದ್ದು ಅವರಿಗೂ ಅಚ್ಚರಿಯಾಗಿರಬೇಕು, ಅದಕ್ಕೇ ನಿಲ್ಲಿಸಲು ಮನಸ್ಸು ಬರಲಿಲ್ಲ. ಖಜಾಂಚಿಯನ್ನು ವಜಾ ಮಾಡಲು ತುರ್ತು ಸಭೆ ಕರೆಯುವುದೆಂದು ಅಲ್ಲೇ ನಿಶ್ಚಯವಾಯಿತು. ಮನೆಗೆ ಬಂದು ಡಾಕ್ಟರು ಹೆಂಡತಿಗೆ ಈ ವಿಷಯವನ್ನು ಬಹಳ ಗೌರವದಿಂದ ತಿಳಿಸಿದರು. ಟೀಚರ್ ಆಗಲಿ ಎಂದರು, ಯಾವ ಹೊತ್ತಿಗೆ ಎಂದು ಮಾತ್ರ ಕೇಳಿಕೊಂಡರು.

ಶೆಡ್ಡಿನಲ್ಲಿ ಹೊಗೆ ತುಂಬಿದ್ದರಿಂದ ಸಭೆ ನಡೆದದ್ದು ಎಂಜಿನ್ನಿನ ಹಿಂದೆ ಕಟ್ಟಿದ್ದ ಹಳೆಯ ಬೋಗಿಯಲ್ಲಿ. ತಪ್ಪಿತಸ್ಥೆ ಬಂದು ಸಮಜಾಯಿಷಿ ಕೊಡಬೇಕೆಂದು ಹೇಳಿಕಳಿಸಿದರು. ಒಲೆ ಹೊತ್ತಿದೆ, ಬಿಟ್ಟು ಬರಲಾಗದು ಎಂಬ ಉತ್ತರ ಬಂತು. ಸರಿ, ಅವರಿಲ್ಲದೆಯೇ ಠರಾವು ಬರೆಯಲು ಕೂತರು. ‘ಮೂಲದ ನಾಶ’ ಎಂದು ಬರೆಯಬೇಕೆಂದರು ಡಾಕ್ಟರು. ‘ಚರಿತ್ರೆಯ ನಾಶ’ ಎಂದು ತಿದ್ದಿದ ವಕೀಲ. ಹೊಸದಾಗಿ ಚಿಗುರಿದ್ದ ಸ್ನೇಹ ಅಲ್ಲಿಗೆ ಬಾಡಿತು. ಎರಡೂ ನಾಶಗಳನ್ನು ಸೇರಿಸಿದರೆ ಹೇಗೆ ಎಂದ ಔಷಧಿ ಅಂಗಡಿಯವರನ್ನು ಎರಡೂ ಕಡೆಯವರು ಸೇರಿ ಕೂರಿಸಿದರು.

ಇತ್ತ ಎಂಜಿನ್ನಿನಲ್ಲಿ ಮೇಸ್ತ್ರಿ ಹಿಂದೆ ಬಗ್ಗಿ ನೋಡಿ, “ಅಮ್ಮ, ಬೋಗೀಲಿ ಸಭೆ ನಡೀತಿದೆ” ಎಂದ.

“ನಡೀಲಿ” ಎಂದರು ಟೀಚರ್. “ನಮ್ಮ ಜೊತೇಲೇ ನಡೀಲಿ.”

ಹಿಡಿ ಎಳೆದರು.

ಬೋಗಿ ಒಮ್ಮೆ ಜಗ್ಗಿ ಹೊರಟಿತು. ‘ನಾಶ’ದ ಮೇಲಿದ್ದ ವಕೀಲನ ಪೆನ್ನು ಕಾಗದದ ಅಂಚಿನವರೆಗೂ ಗೆರೆ ಎಳೆಯಿತು. ಎಲ್ಲರೂ ಬಾಯಿ ತೆರೆದಿದ್ದವರು ಹಾಗೆಯೇ ಉಳಿದರು. ಇಳಿದು ಪ್ರತಿಭಟಿಸೋಣವೆಂದರೆ ಗಾಡಿ ಚಲಿಸುತ್ತಿದೆ, ಧುಮುಕುವ ವಯಸ್ಸು ಯಾರದೂ ಅಲ್ಲ. ಕಾರ್ಖಾನೆಯ ಗೋಡೆ ಹಿಂದಕ್ಕೆ ಸರಿಯಿತು, ಆಮೇಲೆ ನೀರಿನ ತೊಟ್ಟಿ, ಆಮೇಲೆ ಬಟ್ಟೆ ಒಣಹಾಕಿದ್ದ ಮನೆಗಳ ಹಿಂಭಾಗ. ಒಬ್ಬ ಹೆಂಗಸು ಬಕೆಟ್ಟು ಕೆಳಗಿಟ್ಟು ನಿಂತು ನೋಡಿದಳು. ಸದಸ್ಯರು ಒಬ್ಬೊಬ್ಬರಾಗಿ ಕಿಟಕಿಯ ಕಡೆ ಸರಿದರು. ಸಂಘದ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಸಭೆ ಮೌನವಾಗಿತ್ತು. ಡಾಕ್ಟರಂತೂ ಕತ್ತನ್ನೇ ಹೊರಹಾಕಿ, ಹೊಗೆಗೆ ಮುಖ ಕೊಟ್ಟು ನೋಡುತ್ತಿದ್ದರು.

ಹಳಿ ಮುಗಿದಲ್ಲಿ ಗಾಡಿ ನಿಂತಿತು. ಮೊದಲು ಚೇತರಿಸಿಕೊಂಡವನು ವಕೀಲ. ಒಂದು ಜಾಗದಲ್ಲಿ ಕರೆದ ಸಭೆ ಇನ್ನೊಂದು ಜಾಗದಲ್ಲಿ ಮುಂದುವರಿದಿರುವುದರಿಂದ ಠರಾವು ಕಾನೂನಿನ ಪ್ರಕಾರ ಊರ್ಜಿತವಲ್ಲ, ವಿಷಯವನ್ನು ಮುಂದೂಡಬೇಕು ಎಂದು ಗಂಭೀರವಾಗಿ ಘೋಷಿಸಿದ. ಎಲ್ಲರೂ ಅಷ್ಟೇ ಗಂಭೀರವಾಗಿ ಒಪ್ಪಿದರು. ಆಮೇಲೆ ಅವನೇ, ವಾಪಸ್ ಹೋಗುವಾಗ ಬಲಗಡೆಯ ಕಿಟಕಿ ತನಗೆ ಬೇಕೆಂದ.

ಡಾಕ್ಟರು ಕೆಳಗಿಳಿದು, ಜಲ್ಲಿಕಲ್ಲಿನ ಮೇಲೆ ಎಡವುತ್ತ, ಒಂದು ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಬಳಿ ಬಂದರು. ಕಣ್ಣಿಗೆ ಮಸಿ ಬಿದ್ದಿತ್ತು. ಟೀಚರ್ ಬಗ್ಗಿ, ಕರವಸ್ತ್ರದ ತುದಿಯನ್ನು ಹುರಿಮಾಡಿ ಅದನ್ನು ತೆಗೆದರು. ಅವರ ಮುಖವೂ ಮೊಣಕೈವರೆಗಿನ ಕೈಗಳೂ ಕಪ್ಪಾಗಿದ್ದವು. ಡಾಕ್ಟರು ಕಣ್ಣು ಪಿಳುಕಿಸಿ ಒಲೆಯ ಕಡೆ ಕತ್ತು ಚಾಚಿದರು.

“ಬೆಸುಗೆ ಸೋರ್ತಿಲ್ವಾ?” ಎಂದರು.

“ಇಲ್ಲ.”

“ಹಾಗಂತ ನಾನು ಒಪ್ಪಿದೆ ಅಂತ ಅಲ್ಲ.”

“ಯಾರು ಕೇಳಿದ್ರು ರೀ? ಹೋಗುವಾಗ ಕಲ್ಲಿದ್ದಲು ಹಾಕೋಕೆ ಒಬ್ಬರು ಬೇಕು. ಮೇಸ್ತ್ರಿಗೆ ಸೊಂಟ ಹಿಡಿದಿದೆ.”

ಡಾಕ್ಟರು ಕೋಟು ಬಿಚ್ಚಿ, ಎಲ್ಲಿಡಬೇಕೆಂದು ಸುತ್ತ ನೋಡಿ, ಕೊನೆಗೆ ಹಳಿಯ ಪಕ್ಕದ ಕಂಬಕ್ಕೆ ನೇತುಹಾಕಿ ಮೇಲೆ ಹತ್ತಿದರು. ಸಲಿಕೆ ಅವರೆಣಿಸಿದ್ದಕ್ಕಿಂತ ಭಾರವಾಗಿತ್ತು. ಮೊದಲ ಸಲ ತುಂಬಿ ಎಸೆದಾಗ ಅರ್ಧ ಒಲೆಯೊಳಗೆ ಹೋಯಿತು, ಇನ್ನರ್ಧ ಮೇಸ್ತ್ರಿಯ ಬೂಟಿನ ಮೇಲೆ ಬಿತ್ತು.