ಎಡಗಣ್ಣಿನ ಪೊರೆ

ಎಲ್ಲರೂ ನನ್ನನ್ನು ಗಾಜು ಎನ್ನುತ್ತಾರೆ. ನಾನು ಗಾಜಲ್ಲ. ಕಾರಿನ ಎಡಗಡೆಯ ಹೆಡ್‌ಲೈಟಿನ ಮುಂದೆ ಕೂತಿರುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ನಾನು. ಕಾರ್ಖಾನೆಯಲ್ಲಿ ಕುದಿಯುವ ಪಾಕವನ್ನು ಅಚ್ಚಿಗೆ ಹಾಕಿದಾಗ ಹುಟ್ಟಿದೆ. ಮೈ ಆರಿದ ಮೇಲೆ, ಬಿಸಿಲು ತಾಗದಿರಲಿ ಎಂದು ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪವೊಂದನ್ನು ಹಚ್ಚಿದರು, ಕೂಸಿಗೆ ಕುಲಾವಿ ಕಟ್ಟಿದ ಹಾಗೆ. ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ.

ನಮ್ಮ ಕಾರನ್ನು ಮೊದಲು ಕೊಂಡವರು ಧಾರವಾಡದ ಗಲಗಲಿ ಮಾಸ್ತರರು. ಹಳೆಯ ಧೋತರದ ತುಂಡನ್ನು ತೋಯಿಸಿ ನನ್ನ ಮುಖ ಒರೆಸುತ್ತಿದ್ದರು. ನಿಲ್ಲಲು ಹುಣಸೆ ಮರದ ನೆರಳು, ಸಾಲದ್ದಕ್ಕೆ ಕಾರಿಗೊಂದು ಹೊದಿಕೆ. ಅಲ್ಲಿದ್ದಷ್ಟು ಕಾಲ ನನಗೆ ಬಿಸಿಲು ಎಂದರೇನೆಂದೇ ಗೊತ್ತಿರಲಿಲ್ಲ. ವಯಸ್ಸಾಗಿ ಅವರು ಗಾಡಿ ಓಡಿಸುವುದನ್ನು ಬಿಟ್ಟು ಕಾರನ್ನು ಮಾರಿದಾಗ, ನಾವು ಗದಗಿಗೆ ಬಂದೆವು.

ಗದಗಿನ ಮನೆ ರೊಟ್ಟಿಯ ಮನೆ; ಓಣಿಯ ಹೆಣ್ಣುಮಕ್ಕಳು ದಿನವೂ ಅಲ್ಲಿ ಸಾಲಾಗಿ ಕೂತು ಮಾರಾಟಕ್ಕೆ ರೊಟ್ಟಿ ಬಡಿಯುತ್ತಿದ್ದರು. ಮನೆಯೊಡೆಯ ಮಹಾರುದ್ರಪ್ಪನಿಗೆ ಜವಳಿ ಅಂಗಡಿಯಲ್ಲಿ ಕೆಲಸ. ಸ್ಟೇರಿಂಗು ಹಿಡಿಯುವ ಧೈರ್ಯ ಅವನಿಗಿರಲಿಲ್ಲ. ಗಾಡಿ ಓಡಿಸಲು ಕಲಿತವಳು ಅವನ ಹೆಂಡತಿ ನೀಲಗಂಗಾ. ಜೋಳದ ರೊಟ್ಟಿಯ ಅಡಕಲುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಹಿಂದಿನ ಸೀಟಿನಲ್ಲಿಟ್ಟು, ಮದುವೆ ಮನೆಗಳಿಗೂ ಹಾಸ್ಟೆಲುಗಳಿಗೂ ಒಯ್ಯುತ್ತಿದ್ದಳು. ನಾವು ಓಣಿ ತಿರುಗಿದೊಡನೆ ಹುಡುಗರು "ರೊಟ್ಟಿ ಕಾರು ಬಂತು!" ಎಂದು ಕೂಗುತ್ತಿದ್ದರು. ಮುಂದೆ ನಾನಿರುತ್ತಿದ್ದೆನಲ್ಲ, ಆ ಕೂಗು ಮೊದಲು ತಾಗುತ್ತಿದ್ದುದು ನನಗೇ.

ಆದರೆ ಆ ಮನೆಯ ಮುಂದೆ ನೆರಳಿರಲಿಲ್ಲ. ಪಡುವಣದ ಬಿಸಿಲು ನನ್ನ ಕುಲಾವಿಯನ್ನು ಚೂರುಚೂರೇ ಸುಲಿಯಿತು. ಮುಖ ಹಳದಿಗಟ್ಟಿತು. ನನ್ನ ಬಲಗಡೆಯ ಜೊತೆಗಾರ ಎತ್ತಿನ ಗಾಡಿಯ ಮೂಕಿಮರ ಬಡಿದು ಒಡೆದಿದ್ದ. ಅವನ ಜಾಗಕ್ಕೆ ಬಂದ ಹೊಸಬ ಫಳಫಳ ಹೊಳೆಯುತ್ತಿದ್ದ. ಪಕ್ಕದಲ್ಲಿ ನಾನು ಇನ್ನಷ್ಟು ಮಂಕಾಗಿ ಕಾಣುತ್ತಿದ್ದೆ.

ಆ ವರ್ಷ ಆಯುಧ ಪೂಜೆಗೆ ನೀಲಗಂಗಾಳ ಅತ್ತೆ ಬಸಲಿಂಗವ್ವ ಹಿತ್ತಾಳೆ ದೀಪಗಳನ್ನೆಲ್ಲ ಬೆಳಗಿ ಮುಗಿಸಿ, ಕೈಯಲ್ಲಿ ಉಳಿದ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಿಡಿದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅತ್ತೀ, ಅದು ಗಾಡಿ ಲೈಟು!" ನೀಲಗಂಗಾ ಒಳಗಿನಿಂದ ಕೂಗಿದಳು.

"ಲೈಟಾದರೇನ? ಇದೂ ದೀಪನ ಹೌದಿಲ್ಲೋ?"

ಮುದುಕಿ ಪ್ರೀತಿಯಿಂದಲೇ ತಿಕ್ಕಿದಳು. ಆಕೆಯ ಕಣ್ಣಿಗೆ ಆಗ ಪೊರೆ ಬಂದಿತ್ತು. ನನ್ನ ಮೈಮೇಲೆ ಎದ್ದ ಗೀರುಗಳು ಕಾಣಲಿಲ್ಲ. ವಿಭೂತಿ ಬಳಿದು, ನಟ್ಟನಡುವೆ ಕುಂಕುಮವಿಟ್ಟು, ಕೈ ಮುಗಿದು ಎದ್ದಳು.

ಕಾರಿಗೆ ಹದಿನೈದು ವರ್ಷ ತುಂಬಿ ಮರುನೋಂದಣಿಗೆ ಆರ್‌ಟಿಓ ಕಚೇರಿಗೆ ಹೋದಾಗ ಇನ್‌ಸ್ಪೆಕ್ಟರು ನನ್ನ ಮುಂದೆ ನಿಂತು ನಕ್ಕರು. "ಒಂದ ಕಣ್ಣಿಗೆ ಹಗಲು, ಒಂದ ಕಣ್ಣಿಗೆ ಕತ್ತಲಿ ಆಗೈತಲ್ರೀ ಅಕ್ಕಾರ. ಸರಿ ಮಾಡ್ಕೊಂಡು ಬರ್ರಿ, ಆಮ್ಯಾಲ ಸಹಿ ಮಾಡ್ತೀನಿ."

ಬದಲಾಯಿಸಲು ಗ್ಯಾರೇಜಿಗೆ ಹೋದರೆ, ಈ ಮಾಡೆಲ್ಲಿನ ಲೈಟು ಈಗ ಬರುವುದೇ ಇಲ್ಲ ಎಂದರು.

"ಗುಜರಿಗೆ ಹಾಕೂಣ ತಗೋ," ಎಂದ ಮಹಾರುದ್ರಪ್ಪ. "ರೊಟ್ಟಿ ಆಟೋದಾಗ ಹೋಗ್ತಾವು."

"ರೊಟ್ಟಿ ಹೋಗ್ತಾವ್ರಿ," ಎಂದಳು ನೀಲಗಂಗಾ. "ನಾ ಮನ್ಯಾಗ ಉಳೀತೀನಿ."

ಹೊಸಿಲ ಮೇಲೆ ಕೂತಿದ್ದ ಬಸಲಿಂಗವ್ವನಿಗೆ ಆ ಹೊತ್ತಿಗೆ ಕಣ್ಣಿನ ಆಪರೇಷನ್ ಆಗಿತ್ತು. ಎದ್ದು ಬಂದು ನನ್ನನ್ನು ಬೆರಳಿನಿಂದ ಸವರಿದಳು. ಗೀರುಗಳು ಆಕೆಗೆ ಕಂಡವು. ಆಮೇಲೆ ಮಗನತ್ತ ತಿರುಗಿದಳು.

"ನನ್ನ ಕಣ್ಣಿಗೆ ಪೊರಿ ಬಂದಾಗ ನನ್ನೂ ಗುಜರಿಗೆ ಹಾಕೂಣ ಅಂದಿದ್ದೇನಪಾ?"

ಮಹಾರುದ್ರಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ನಡೆದ.

ಹಂಚಿನ ಮೇಲೆ ರೊಟ್ಟಿ ಉಬ್ಬುವ ಹೊತ್ತಿನಲ್ಲೇ ನೀಲಗಂಗಾ ಮೊಬೈಲಿನಲ್ಲಿ ನೋಡಿ ನೋಡಿ ಕೆಲಸ ಕಲಿತಳು. ಬಣ್ಣದ ಅಂಗಡಿಯಿಂದ ನೀರಿನಲ್ಲಿ ಉಜ್ಜುವ ಕಾಗದ ತಂದಳು: ಒರಟು, ನಯ, ರೇಷ್ಮೆಯಷ್ಟು ನಯ. ಕಾರಿನ ಬಣ್ಣ ಕೆಡದಂತೆ ನನ್ನ ಸುತ್ತ ಟೇಪು ಅಂಟಿಸಿ, ಒರಟು ಕಾಗದ ತೋಯಿಸಿ ಉಜ್ಜತೊಡಗಿದಳು. ಮೊದಲು ಅರಿಶಿನದಂಥ ನೀರು ಇಳಿಯಿತು. ಆಮೇಲೆ ಅಕ್ಕಿ ತೊಳೆದಂಥ ನೀರು. ಅದನ್ನು ಒರೆಸಿ ನೋಡಿದರೆ ನಾನು ಮೊದಲಿಗಿಂತಲೂ ಬೆಳ್ಳಗೆ, ಹಾಲಿನ ಹಾಗೆ!

"ಅಯ್ಯ ನನ್ನವ್ವಾ, ಇದ್ದಷ್ಟು ಕಣ್ಣೂ ಹೋತು!" ಬಸಲಿಂಗವ್ವ ಎದೆ ಹಿಡಿದುಕೊಂಡಳು.

ನೀಲಗಂಗಾಳ ಕೈ ಒಂದು ಗಳಿಗೆ ನಿಂತಿತು. ನನ್ನ ಜೀವವೂ ನಿಂತಿತು. "ಇರ್ರಿ ಅತ್ತೀ. ಇನ್ನೂ ನಯಂದು ಐತಿ," ಎಂದು ಆಕೆ ಮತ್ತೆ ನೀರು ಚಿಮುಕಿಸಿದಳು. ಕಾಗದ ನಯವಾದಂತೆ ಕೈಯೂ ಹಗುರಾಯಿತು. ಪಾಲಿಶ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿದಾಗ, ನನ್ನೊಳಗಿನ ಬಲ್ಬು ಎಷ್ಟೋ ವರ್ಷಗಳ ಮೇಲೆ ಹೊರಗಿನ ಆಕಾಶ ಕಂಡಿತು.

ಇನ್ನು ಉಳಿದದ್ದು ಕುಲಾವಿ. ಹಾಗೇ ಬಿಟ್ಟರೆ ಬಿಸಿಲು ನನ್ನನ್ನು ಮತ್ತೆ ತಿನ್ನುತ್ತಿತ್ತು. ಸ್ಪ್ರೇ ಡಬ್ಬಿಯಿಂದ ಹೊಸ ಲೇಪ ಊದಬೇಕು. ಅದು ಒಣಗುವ ತನಕ ಧೂಳು ಕೂರಬಾರದು. ರೊಟ್ಟಿಯ ಮನೆಯಲ್ಲಿ ಗಾಳಿಯ ತುಂಬ ಜೋಳದ ಹಿಟ್ಟಿನ ಧೂಳು!

ಬಸಲಿಂಗವ್ವ ಒಳಗೆ ಹೋಗಿ ಸಾಲಾಗಿ ಕೂತಿದ್ದ ಹೆಣ್ಣುಮಕ್ಕಳಿಗೆ ಹೇಳಿದಳು: "ಏಳ್ರೆವಾ. ಇವತ್ತ ಯಾರೂ ರೊಟ್ಟಿ ಬಡಿಯೂ ಹಂಗಿಲ್ಲ."

ಹಬ್ಬಕ್ಕೂ ನಿಲ್ಲದ ಆ ಬಡಿತ ನನಗಾಗಿ ನಿಂತಿತು. ನೀಲಗಂಗಾ ಹೊಸ ಲೇಪ ಊದಿದಳು. ಮುದುಕಿ ಕೋಲು ಹಿಡಿದು ನನ್ನ ಪಕ್ಕ ಕೂತು, ಸಂಜೆಯ ತನಕ ಕೋಳಿಗಳನ್ನು ಓಡಿಸಿದಳು. ಸೀನು ಬಂದರೂ ಆಚೆ ಎದ್ದುಹೋಗಿ ಸೀನಿ ಬಂದಳು.

ಮತ್ತೆ ಪರೀಕ್ಷೆಗೆ ಹೋದೆವು. ಬಸಲಿಂಗವ್ವ ಹಿಂದಿನ ಸೀಟಿನಲ್ಲಿದ್ದಳು. ನನ್ನ ಬೆಳಕು ಎದುರಿನ ಗೋಡೆಯ ಮೇಲೆ ಬಲಗಡೆಯವನ ಬೆಳಕಿಗೆ ಸರಿಸಮ ಬಿತ್ತು.

"ಹೊಸಾದು ಹಾಕಿಸಿದ್ರೇನ್ರಿ?" ಎಂದರು ಇನ್‌ಸ್ಪೆಕ್ಟರು.

"ಹಳೇದ ಐತ್ರೀ ಸಾಹೇಬರ," ಮುದುಕಿಯೇ ಕಿಟಕಿಯಿಂದ ಹೇಳಿದಳು. "ನಮ್ಮ ಸೊಸಿ ಪೊರಿ ತಗದಾಳ."

ಅವರು ನಗುತ್ತಲೇ ಸಹಿ ಹಾಕಿದರು. ಅಂದು ನೀಲಗಂಗಾ ನೆಟ್ಟಗೆ ಮನೆಗೆ ಹೋಗಲಿಲ್ಲ. ಊರಿಗೊಂದು ಸುತ್ತು ಹಾಕಿದಳು, ಹಗಲಿನಲ್ಲೇ ಲೈಟು ಹಚ್ಚಿಕೊಂಡು.

ಆಮೇಲೂ ಬಹಳ ವರ್ಷ ಓಡಿದೆವು. ಕಡೆಗೆ ಎಂಜಿನ್ನೇ ಸೋತಿತು. ಕಾರು ಗುಜರಿಗೆ ಹೋಗುವ ಮುಂಜಾನೆ ನೀಲಗಂಗಾ ಸ್ಕ್ರೂ ಬಿಚ್ಚಿಸಿ ನನ್ನನ್ನು ಒಳಗೆ ತಂದಳು. ಈಗ ನಾನು ದೇವರ ಮನೆಯ ಗೋಡೆಯ ಮಾಡದಲ್ಲಿ, ಹಿತ್ತಾಳೆ ದೀಪಗಳ ಪಕ್ಕ ಇದ್ದೇನೆ. ನನ್ನ ಹಿಂದೆ ಬಲ್ಬಿಲ್ಲ. ಆದರೂ ದೀಪ ಹಚ್ಚಿದಾಗ ಅದರ ಬೆಳಕು ನನ್ನಲ್ಲಿ ಹಾದು ಎದುರಿನ ಗೋಡೆಗೆ ಬೀಳುತ್ತದೆ.

ಆಯುಧ ಪೂಜೆಗೆ ಈಗಲೂ ಬಸಲಿಂಗವ್ವ ದೀಪಗಳನ್ನು ಇಟ್ಟಂಗಿ ಪುಡಿಯಲ್ಲಿ ಬೆಳಗುತ್ತಾಳೆ. ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಆಮೇಲೆ ನನ್ನನ್ನು ಎತ್ತಿಕೊಳ್ಳುತ್ತಾಳೆ. ತೋಯಿಸಿದ ಮೆತ್ತನೆಯ ಬಟ್ಟೆಯಲ್ಲಿ ಮುಖ ಒರೆಸಿ, ಮುಖಕ್ಕೆ ಮತ್ತೆ ಏನೂ ತಾಗದಿರಲೆಂದು ಮೆಲ್ಲಗೆ ತಿರುಗಿಸಿ, ಕುಂಕುಮವನ್ನು ನನ್ನ ಬೆನ್ನಿಗೆ ಇಡುತ್ತಾಳೆ.